ಮನೆಯಲ್ಲಿರುವ ಎರಡು ಕಂಪ್ಯೂಟರ್ ಸ್ಪೀಕರ್ ಸೆಟ್ ಸೇರಿಸಿ ಸರೌಂಡ್ ಸೌಂಡ್ ಮಾಡಬಹುದಾ?

ಖಂಡಿತ ಮಾಡಬಹುದು. ಹೊಸ 5.1 ಸೆಟ್‌ಗೆ (ಐದು ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್) ದುಡ್ಡು ಹಾಕಬೇಡಿ.

ನಿಮ್ಮ ಹತ್ತಿರ ಒಂದು 2.1 ಸೆಟ್ (ಎರಡು ಸ್ಪೀಕರ್, ಒಂದು ಸಬ್‌ವೂಫರ್), ಒಂದು ಹಳೇ 2.0 ಸೆಟ್ (ಬರೀ ಎರಡು ಸ್ಪೀಕರ್), ಒಂದು ಡೆಸ್ಕ್‌ಟಾಪ್ ಇದೆ ಅಂತ ಬರೆದಿದ್ದೀರಿ. ಮಂಡ್ಯದ ಅಂಗಡಿಯಲ್ಲಿ ವೈ ಕೇಬಲ್ ಕೊಟ್ಟರು, ಹಾಕಿದರೆ ನಾಲ್ಕೂ ಸ್ಪೀಕರ್‌ನಲ್ಲಿ ಒಂದೇ ಸದ್ದು ಬರುತ್ತಿದೆ ಅನ್ನೋದು ನಿಮ್ಮ ತೊಂದರೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಹಾಲ್‌ನಲ್ಲೂ ಇಂಥದ್ದೇ ಜೋಡಣೆ ಇದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರ್‌ನ ಹಸಿರು ತೂತಿನಿಂದ ಬರುವುದು ಎರಡೇ ಸದ್ದು, ಎಡ ಮತ್ತು ಬಲ. ವೈ ಕೇಬಲ್ ಅದನ್ನೇ ಎರಡು ಕಡೆ ಹಂಚುತ್ತದೆ. ಹಿಂದಿನ ಸ್ಪೀಕರ್‌ಗೆ ಬೇರೆ ಸದ್ದು ಬೇಕೆಂದರೆ ಅದು ಬೇರೆ ತೂತಿನಿಂದಲೇ ಬರಬೇಕು. ಹಾಗಾಗಿ ಮೊದಲು ಸ್ಪೀಕರ್ ಎಣಿಸಬೇಡಿ, ಸಿಪಿಯು ಹಿಂದೆ ಆಡಿಯೊ ತೂತು ಎಷ್ಟಿವೆ ನೋಡಿ. ಐದಾರು ಇದ್ದರೆ ಹಸಿರು ಮುಂದಿನದು, ಕಪ್ಪು ಹಿಂದಿನದು, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರ್‌ದು. ಮೂರೇ ಇದ್ದರೂ ಬೇಜಾರಿಲ್ಲ. ಅಂಥ ಬಹಳಷ್ಟು ಬೋರ್ಡ್‌ಗಳಲ್ಲಿ ನೀಲಿ ಲೈನ್ ಇನ್ ತೂತನ್ನೇ ಹಿಂದಿನ ಸ್ಪೀಕರ್‌ಗೆ ಬದಲಾಯಿಸಿಕೊಳ್ಳಬಹುದು. ರಿಯಲ್‌ಟೆಕ್ ಕಂಪನಿಯ ಆಡಿಯೊ ಚಿಪ್ ಇದ್ದರೆ ಪಿನ್ ಚುಚ್ಚಿದಾಗ ಏನು ಚುಚ್ಚಿದಿರಿ ಅಂತ ಸಾಮಾನ್ಯವಾಗಿ ಅದೇ ಕೇಳುತ್ತದೆ. ಅಲ್ಲಿ ರಿಯರ್ ಸ್ಪೀಕರ್ ಆರಿಸಿ.

2.1 ಸೆಟ್ ಮುಂದಕ್ಕಿರಲಿ. ಸಿನಿಮಾದ ಸದ್ದಿನಲ್ಲಿ ಬಹುಪಾಲು ಮುಂದಿನಿಂದಲೇ ಬರುವುದು. 2.0 ಹಿಂದಕ್ಕೆ ಸಾಕು. ಆ 2.0 ಯುಎಸ್‌ಬಿ ಸ್ಪೀಕರ್ ಆಗಿದ್ದರೆ ಒಮ್ಮೆ ಅದರ ವೈರ್ ನೋಡಿ. ಯುಎಸ್‌ಬಿ ಜೊತೆ 3.5 ಎಂಎಂ ಪಿನ್ನೂ ಇದ್ದರೆ ಯುಎಸ್‌ಬಿ ಬರೀ ಕರೆಂಟ್‌ಗೆ, ಧಾರಾಳವಾಗಿ ಬಳಸಿ. ಬರೀ ಯುಎಸ್‌ಬಿ ಇದ್ದರೆ ಅದರೊಳಗೇ ಬೇರೆ ಸೌಂಡ್ ಕಾರ್ಡ್ ಇರುತ್ತದೆ. ಎರಡು ಸೌಂಡ್ ಕಾರ್ಡ್ ಸೇರಿಸಿ ವಿಂಡೋಸ್ ತಾನಾಗಿ ಸರೌಂಡ್ ಮಾಡುವುದಿಲ್ಲ. ಬ್ಲೂಟೂತ್ ಸ್ಪೀಕರ್ ಅಂತೂ ಬೇಡವೇ ಬೇಡ, ಸದ್ದು ತಡವಾಗಿ ಬಂದು ಎಲ್ಲ ಕೆಡುತ್ತದೆ.

ಮುಂದಿನ ಹೆಜ್ಜೆ ಬಹಳ ಮುಖ್ಯ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಟ್ಯಾಬ್‌ಗೆ ಹೋಗಿ, ಸ್ಪೀಕರ್ಸ್ ಆರಿಸಿ ಕಾನ್ಫಿಗರ್ ಒತ್ತಿ. ಅಲ್ಲಿ 5.1 ಅಲ್ಲ, ಕ್ವಾಡ್ರಾಫೋನಿಕ್ (ಮುಂದೆ ಎರಡು, ಹಿಂದೆ ಎರಡು ಸ್ಪೀಕರ್) ಆರಿಸಬೇಕು. 5.1 ಹಾಕಿದರೆ ಪಾತ್ರಗಳ ಮಾತು ನಿಮ್ಮಲ್ಲಿಲ್ಲದ ಸೆಂಟರ್ ಸ್ಪೀಕರ್‌ಗೆ ಹೋಗಿಬಿಡುತ್ತದೆ. ಹಾಡು, ಹೊಡೆದಾಟ ಜೋರಾಗಿ ಕೇಳುತ್ತದೆ, ಡೈಲಾಗ್ ಮಾತ್ರ ಕೇಳಲ್ಲ. ಎಷ್ಟೋ ಜನ ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳುವುದು ಇದಕ್ಕೇ. ಕ್ವಾಡ್ರಾಫೋನಿಕ್‌ನಲ್ಲಿ ಆ ಮಾತು ಮುಂದಿನ ಎರಡೂ ಸ್ಪೀಕರ್‌ಗೆ ಸಮನಾಗಿ ಸೇರುತ್ತದೆ. ನಡುವೆ ಕೂತರೆ ಪರದೆಯಿಂದಲೇ ಮಾತಾಡಿದ ಹಾಗೆ ಕೇಳುತ್ತದೆ. ಫುಲ್ ರೇಂಜ್ ಅನ್ನೋ ಟಿಕ್ ಹಾಗೇ ಇರಲಿ. ಬೇಸ್ ಬೇರ್ಪಡಿಸುವ ಕೆಲಸವನ್ನು ನಿಮ್ಮ 2.1 ಸೆಟ್ಟೇ ಮಾಡಿಕೊಳ್ಳುತ್ತದೆ.

ಮೂರನೇ ಸೆಟ್ ತಂದು ಕಿತ್ತಳೆ ತೂತಿಗೆ ಹಾಕೋಣವೇ ಅನ್ನಿಸಬಹುದು. ನಾನು ಬೇಡ ಅಂತೀನಿ. ಆ ತೂತಿನ ಒಂದು ಚಾನೆಲ್ ಸೆಂಟರ್, ಇನ್ನೊಂದು ಪೂರ್ತಿ ಬೇಸ್. ಸಣ್ಣ ಸ್ಪೀಕರ್‌ಗೆ ಆ ಬೇಸ್ ಹೋದರೆ ಗರಗರ ಅನ್ನುತ್ತದೆ.

ಇನ್ನು ಜಾಗ. ನೀವು ಕೂರುವ ಕಡೆಯಿಂದ ಮುಂದಿನ ಎರಡು ಸ್ಪೀಕರ್ ಎಡಬಲಕ್ಕೆ 30 ಡಿಗ್ರಿ ಕೋನದಲ್ಲಿರಲಿ, ಹಿಂದಿನವು 110 ಡಿಗ್ರಿಯ ಆಸುಪಾಸು. ಅಂದರೆ ಬೆನ್ನ ಹಿಂದೆ ಅಲ್ಲ, ಪಕ್ಕದಿಂದ ತುಸು ಹಿಂದೆ, ಕಿವಿಗಿಂತ ಸ್ವಲ್ಪ ಮೇಲೆ. ನಮ್ಮ ಕಡೆ ಹಾಲ್‌ಗಳಲ್ಲಿ ಸೋಫಾ ಗೋಡೆಗೇ ಅಂಟಿಕೊಂಡಿರುತ್ತದೆ, ಅಲ್ವಾ? ಸಾಧ್ಯವಾದರೆ ಒಂದಡಿ ಮುಂದಕ್ಕೆ ಎಳೆಯಿರಿ. ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲ, ಬರೀ ಗೋಡೆ ಇದ್ದರೆ ಸದ್ದು ಮಾರ್ದನಿಸಿ ಕಲಸಿಹೋಗುತ್ತದೆ. ಸ್ಪೀಕರ್‌ಗೂ ನಿಮಗೂ ನಡುವೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಪರದೆ ಎಳೆದು ಕೇಳಿ. ಖರ್ಚಿಲ್ಲದೆ ಇಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಬರಲ್ಲ.

ಎರಡೂ ಬೇರೆ ಬೇರೆ ಸೆಟ್ ಆದ್ದರಿಂದ ಜೋರು ಹೊಂದಿಸಲೇಬೇಕು. ಕಾನ್ಫಿಗರ್ ಪುಟದ ಟೆಸ್ಟ್ ಬಟನ್ ಒತ್ತಿ, ನಿಮ್ಮ ಜಾಗದಲ್ಲೇ ಕೂತು ಕೇಳಿ. ಸದ್ದು ಒಂದೊಂದೇ ಸ್ಪೀಕರ್‌ನಲ್ಲಿ ಸುತ್ತು ಬರುತ್ತದೆ. ನಾಲ್ಕೂ ಸಮ ಅನ್ನಿಸುವವರೆಗೆ ಹಿಂದಿನ ಸೆಟ್ ತಗ್ಗಿಸಿ. ಆದರೆ ಹಳೇ ಸೆಟ್‌ನ ವಾಲ್ಯೂಮ್ ತಿರುಪನ್ನು ತೀರಾ ಕೆಳಕ್ಕೆ ಇಳಿಸಬೇಡಿ. ಅಗ್ಗದ ತಿರುಪುಗಳು ತಳದಲ್ಲಿ ಎಡಬಲ ಸಮನಾಗಿ ಕೊಡಲ್ಲ, ಒಂದು ಕಡೆ ಪೂರ್ತಿ ಸತ್ತೇ ಹೋಗಬಹುದು. ಅದನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಸ್ಪೀಕರ್ ಪ್ರಾಪರ್ಟೀಸ್‌ನ ಲೆವೆಲ್ಸ್‌ನಲ್ಲಿ ಬ್ಯಾಲೆನ್ಸ್ ಒತ್ತಿ ಹಿಂದಿನವಕ್ಕೆ ಮಾತ್ರ ತಗ್ಗಿಸಿ. ಆಮೇಲೆ ಎರಡೂ ತಿರುಪಿನ ಮೇಲೆ ನೇಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ಮನೆಯಲ್ಲಿ ಯಾರು ತಿರುಗಿಸಿದರೂ ವಾಪಸ್ ಅಲ್ಲಿಗೇ ತರಬಹುದು.

ಎಲ್ಲ ಮಾಡಿದ ಮೇಲೂ ಯೂಟ್ಯೂಬ್‌ನಲ್ಲಿ ಜಂಬೂ ಸವಾರಿ ಹಾಕಿದರೆ ಹಿಂದೆ ಏನೂ ಕೇಳದೇ ಇರಬಹುದು. ಗಾಬರಿ ಬೇಡ, ಅಲ್ಲಿನ ವಿಡಿಯೋಗಳು ಸಾಮಾನ್ಯವಾಗಿ ಸ್ಟೀರಿಯೊ, ಅಂದರೆ ಎಡ ಬಲ ಎರಡೇ ಸದ್ದು. ಹಳೇ ಕಪ್ಪು-ಬಿಳುಪು ಸಿನಿಮಾಗಳು ಸಾಮಾನ್ಯವಾಗಿ ಮೋನೊ, ಅಂದರೆ ಒಂದೇ ಸದ್ದು. 5.1 ಟ್ರ್ಯಾಕ್ ಇರುವ ಡಿವಿಡಿಯನ್ನೋ ಫೈಲನ್ನೋ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್‌ನಲ್ಲಿ ಹಾಕಿ, ಕೋಡೆಕ್ ಮಾಹಿತಿ ತೆರೆಯಿರಿ. ಚಾನೆಲ್ ಅಂತಿರುವ ಸಾಲಿನಲ್ಲಿ 3ಎಫ್2ಆರ್ ಅಂತಿದ್ದರೆ ಮುಂದೆ ಮೂರು, ಹಿಂದೆ ಎರಡು ಸದ್ದು ನಿಜವಾಗಿಯೂ ಇದೆ ಅಂತ ಅರ್ಥ.

ವೈರ್ ಗಿಡ್ಡ ಆದರೆ 3.5 ಎಂಎಂ ಎಕ್ಸ್‌ಟೆನ್ಶನ್ ಸಿಗುತ್ತದೆ. ಹಿಂದಿನ ಸೆಟ್‌ಗೆ ಕರೆಂಟನ್ನು ಬೇರೆ ಗೋಡೆಯಿಂದ ಕೊಡಬೇಡಿ, ಗುಂಯ್ ಅನ್ನೋ ಸದ್ದು ಸೇರಬಹುದು. ಸಿಪಿಯು ಇರುವ ಸ್ಪೈಕ್ ಬೋರ್ಡ್‌ನಿಂದಲೇ ತಗೊಳ್ಳಿ.

ಮುಂದೆ ಲ್ಯಾಪ್‌ಟಾಪ್‌ಗೆ ಹಾಕುವ ಯೋಚನೆ ಇದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ. ಪೊಟ್ಟಣದ ಮೇಲೆ 7.1 ಅಂತ ಇದ್ದ ಮಾತ್ರಕ್ಕೆ ಸುಮ್ನೆ ಕೊಳ್ಳಬೇಡಿ, ಸ್ಪೀಕರ್‌ಗೆ ಒಂದೇ ತೂತಿದ್ದರೆ ಅದು ಹೆಡ್‌ಫೋನ್‌ಗೆ ಮಾಡಿದ್ದು. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ತೂತಿರುವುದನ್ನೇ ಕೇಳಿ. ನಿಮ್ಮ ಮದರ್‌ಬೋರ್ಡ್ ಮಾಡೆಲ್ ಇಲ್ಲಿ ಬರೆದರೆ ಯಾವ ಬಣ್ಣದ ತೂತು ಹಿಂದಿನದು ಅಂತ ನೋಡಿ ಹೇಳುತ್ತೇನೆ.