ಎಂಟು ತಿಂಗಳಾದರೂ ಹಲ್ಲು ಬಂದಿಲ್ಲ. ಮಗುವಿನ ಜ್ವರ, ಭೇದಿಗೆ ಹಲ್ಲು ಬರುವುದೇ ಕಾರಣವೇ? ಹಲ್ಲುಜ್ಜುವುದನ್ನು ಯಾವಾಗ ಆರಂಭಿಸಬೇಕು?

ಎಂಟು ತಿಂಗಳಿಗೆ ಹಲ್ಲು ಕಾಣದಿರುವುದು ಆತಂಕಪಡುವ ವಿಷಯವಲ್ಲ. ಕೆಳದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಮೂಡುತ್ತವೆಯಾದರೂ ನನ್ನ ಮಗಳಿಗೆ ಅವು ಬಂದದ್ದು ವರ್ಷ ತುಂಬಿದ ಮೇಲೆಯೇ. 18 ತಿಂಗಳಾದರೂ ಒಂದೂ ಬರದಿದ್ದರೆ ಮಾತ್ರ ದಂತವೈದ್ಯರಿಗೆ ತೋರಿಸಬೇಕು.

ಜ್ವರ, ಭೇದಿಯ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಮಗಳ ಮೈ 39 ಡಿಗ್ರಿ ಕಾಯುತ್ತಿದ್ದಾಗ "ಹಲ್ಲು ಬರುವ ಜ್ವರ, ತಾನಾಗಿ ಇಳಿಯುತ್ತದೆ" ಎಂಬ ಹಿರಿಯರ ಮಾತನ್ನು ನಂಬಿ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ವೈದ್ಯರು ನೋಡಿದಾಗ ಅದು ಕಿವಿಯ ಸೋಂಕೆಂದು ತಿಳಿಯಿತು. ವಸಡು ಕೆಂಪಾಗಿ ಊದಿಕೊಳ್ಳುವುದು, ಜೊಲ್ಲು ಸುರಿಯುವುದು, ನಿದ್ದೆಗೆಟ್ಟು ರಚ್ಚೆ ಹಿಡಿಯುವುದು, ಮೈ ತುಸು ಬೆಚ್ಚಗಾಗುವುದು ಹಲ್ಲಿನ ಲೆಕ್ಕಕ್ಕೆ ಸೇರುತ್ತವೆ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವಾಗಲಿ, ಭೇದಿಯಾಗಲಿ ಸೇರುವುದಿಲ್ಲ. ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದ ರೋಗನಿರೋಧಕ ಶಕ್ತಿ ಕುಗ್ಗುವುದೂ, ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳತೊಡಗುವುದೂ, ಹಲ್ಲು ಮೂಡುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆಯುವುದರಿಂದ ಸೋಂಕಿನ ಅಪವಾದ ಹಲ್ಲಿನ ತಲೆಗೆ ಬರುತ್ತದೆ. ಆದ್ದರಿಂದ ನಿಮ್ಮ ಮಗುವನ್ನು ಇಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ವಸಡಿನ ನೋವಿಗೆ, ತೊಳೆದ ಬೆರಳಿನಿಂದ ಮೆಲ್ಲಗೆ ಒತ್ತಿ ಉಜ್ಜುವುದು ಅಥವಾ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ ರಬ್ಬರ್ ಉಂಗುರವನ್ನು ಕಚ್ಚಲು ಕೊಡುವುದು ಸಾಕು. ಫ್ರೀಜರ್‌ನಲ್ಲಿ ಕಲ್ಲಿನಂತೆ ಗಟ್ಟಿಯಾದದ್ದು ವಸಡಿಗೆ ಪೆಟ್ಟು ಮಾಡುತ್ತದೆ. ವಸಡನ್ನು ಮರಗಟ್ಟಿಸುವ ಬೆಂಜೊಕೇನ್ ಎಂಬ ಔಷಧ ಇರುವ ಜೆಲ್ ಬೇಡವೇ ಬೇಡ. ರಕ್ತ ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನೇ ಅದು ಕುಂದಿಸಬಲ್ಲದೆಂಬ ಕಾರಣಕ್ಕೆ ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಚ್ಚಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಹಲ್ಲುಜ್ಜುವುದನ್ನು ಮೊದಲ ಹಲ್ಲಿನ ತುದಿ ಕಂಡ ದಿನವೇ ಆರಂಭಿಸಿ: ಮೆದುವಾದ ಪುಟ್ಟ ಬ್ರಷ್, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ದಿನಕ್ಕೆರಡು ಸಲ. ಮೂರು ವರ್ಷ ತುಂಬಿದ ಮೇಲೆ ಪೇಸ್ಟನ್ನು ಬಟಾಣಿಯಷ್ಟಕ್ಕೆ ಹೆಚ್ಚಿಸಬಹುದು. ಹೇಗಿದ್ದರೂ ಬಿದ್ದುಹೋಗುವ ಹಾಲುಹಲ್ಲಿಗೆ ಇಷ್ಟೆಲ್ಲ ಏಕೆಂದು ನನ್ನನ್ನೂ ಕೇಳಿದವರಿದ್ದಾರೆ; ಆದರೆ ಹುಳುಕಿನ ನೋವು ಹಾಲುಹಲ್ಲಿಗೂ ಅಷ್ಟೇ, ಮೇಲಾಗಿ ಶಾಶ್ವತ ಹಲ್ಲುಗಳಿಗೆ ಜಾಗ ಕಾಯ್ದಿಡುವುದು ಈ ಇಪ್ಪತ್ತು ಹಲ್ಲುಗಳೇ.

ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ ಮಾಡಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಾಲಿನ ಸಕ್ಕರೆ ಹಲ್ಲಿನ ಮೇಲೆಯೇ ಉಳಿಯುತ್ತದೆ. ಕೆಳಗಿನ ಹಲ್ಲುಗಳಿಗೆ ನಾಲಿಗೆಯ ಮರೆ ಇರುವುದರಿಂದ ಮೊದಲು ಕೆಡುವುದು ಮೇಲಿನ ಮುಂದಿನ ಹಲ್ಲುಗಳು. ಆ ಹಲ್ಲುಗಳು ಬಂದ ಮೇಲೆ, ಆಗಾಗ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಮೇಲ್ದುಟಿಯನ್ನು ಎತ್ತಿ ನೋಡಿ. ವಸಡಿನ ಅಂಚಿಗೆ ಸುಣ್ಣದ ಗೆರೆ ಎಳೆದಂತೆ ಮಂಕು ಬಿಳುಪು ಕಂಡರೆ ಹುಳುಕು ಶುರುವಾಗಿದೆ ಎಂದರ್ಥ. ಆ ಹಂತದಲ್ಲೇ ದಂತವೈದ್ಯರ ಬಳಿ ಹೋದರೆ ಗುಳಿ ಬೀಳುವ ಮೊದಲೇ ಅದನ್ನು ತಡೆಯಲು ಸಾಧ್ಯವಿದೆ.