ಅಕ್ಷರ ಬದಲಿಸಿ ಬರೆದರೆ ಗುಟ್ಟು ಉಳಿಯುತ್ತದೆಯೇ?

ಶಾಲೆಯ ಕೈಬರಹ ಪತ್ರಿಕೆಯಲ್ಲಿ ಒಗಟುಗಳ ಉತ್ತರಗಳನ್ನು ಅಕ್ಷರ ಬದಲಿಸಿ ಮರೆಮಾಡಬಹುದೇ, ಮನೆಯ ಹಣದ ವ್ಯವಹಾರದ ಟಿಪ್ಪಣಿಗಳನ್ನೂ ಅದೇ ಕ್ರಮದಲ್ಲಿ ಬರೆದಿಡಬಹುದೇ ಎಂದು ತಾವು ಕೇಳಿದ್ದೀರಿ. ಒಗಟುಗಳಿಗೆ ಧಾರಾಳವಾಗಿ ಬಳಸಬಹುದು. ಹಣದ ವಿಷಯಕ್ಕೆ ಖಂಡಿತ ಬೇಡ.

ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮ ಹೀಗಿದೆ. ‘ಕ’ದಿಂದ ‘ಳ’ದವರೆಗಿನ 34 ವ್ಯಂಜನಗಳನ್ನು ಸಾಲಾಗಿ ಬರೆದುಕೊಂಡು, ಪ್ರತಿಯೊಂದರ ಬದಲಿಗೆ ಅದರಿಂದ 17 ಸ್ಥಾನ ಮುಂದಿರುವುದನ್ನು ಬರೆಯಬೇಕು, ಸಾಲು ಮುಗಿದರೆ ಮತ್ತೆ ‘ಕ’ದಿಂದ ಎಣಿಕೆಯನ್ನು ಮುಂದುವರಿಸಬೇಕು. ಸ್ವರಗಳು, ಗುಣಿತದ ಚಿಹ್ನೆಗಳು, ಸೊನ್ನೆ ಇದ್ದಂತೆಯೇ ಇರಲಿ. ಆಗ ‘ತೆಂಗಿನಕಾಯಿ’ ಎಂಬುದು ‘ಹೆಂನಿಗದಾಝಿ’ ಆಗುತ್ತದೆ. 17 ಎಂಬುದು 34ರ ಅರ್ಧವಾದ್ದರಿಂದ ಅದೇ ಲೆಕ್ಕವನ್ನು ಇನ್ನೊಮ್ಮೆ ಹಾಕಿದರೆ ಮೂಲಪದ ಮರಳಿ ಸಿಗುತ್ತದೆ. ಇಂಗ್ಲಿಷಿನ 26 ಅಕ್ಷರಗಳನ್ನು 13 ಸ್ಥಾನ ಸರಿಸುವ ರಾಟ್-13 ಎಂಬ ಕ್ರಮದ ತತ್ತ್ವವೂ ಇದೇ.

ಕಂಪ್ಯೂಟರಿನಲ್ಲಿ ಅಕ್ಷರದ ಯೂನಿಕೋಡ್ ಸಂಖ್ಯೆಗೆ (ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಗೊತ್ತುಪಡಿಸಿರುವ ಸಂಖ್ಯೆಗೆ) ಒಂದು ನಿಗದಿತ ಅಂಕವನ್ನು ಕೂಡಿಸಿಯೂ ಇದನ್ನು ಮಾಡಬಹುದು, ಆದರೆ 128ನ್ನು ಮಾತ್ರ ಕೂಡಿಸಬೇಡಿ. ಕನ್ನಡದ ‘ಕ’ದ ಸಂಖ್ಯೆ 3221, ಮಲಯಾಳದ ‘ಕ’ದ್ದು 3349, ಉಳಿದ ಬಹುಪಾಲು ಅಕ್ಷರಗಳ ನಡುವೆಯೂ ಅಷ್ಟೇ ಅಂತರವಿರುವುದರಿಂದ ನಿಮ್ಮ ಗುಟ್ಟು ಮಲಯಾಳ ಲಿಪಿಯಲ್ಲಿ ಬರೆದ ಸ್ಪಷ್ಟ ಕನ್ನಡವಾಗಿ ಹೊರಬೀಳುತ್ತದೆ. ನಮ್ಮ ಕಾಸರಗೋಡಿನಲ್ಲಿ ಅದನ್ನು ಓದಲಾರದವರನ್ನು ಹುಡುಕಬೇಕಷ್ಟೆ.

ಸಾಲಿನ ಕ್ರಮವನ್ನೇ ಮನಬಂದಂತೆ ಕಲಸಿಬಿಟ್ಟರೆ ಸಾಧ್ಯವಾಗುವ ಜೋಡಣೆಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು. ಆದರೂ ಅದು ಭದ್ರವಲ್ಲ. ಬಿಡಿಸುವವನು ಅವೆಲ್ಲವನ್ನೂ ಪರೀಕ್ಷಿಸುತ್ತ ಕೂರುವುದಿಲ್ಲ. ಮೇಲಿನ ಕ್ರಮದಲ್ಲಿ ‘ಮನೆಯಲ್ಲಿ ಹಣವನ್ನು’ ಎಂಬುದು ‘ಜಗೆಝಟ್ಟಿ ತಸಠಗ್ಗು’ ಆಗುತ್ತದೆ. ಒಂದೆರಡು ಪುಟ ಓದುವಷ್ಟರಲ್ಲಿ, ‘ಗ್ಗು’ ಮತ್ತು ‘ಟ್ಟಿ’ ಪದಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತಿರುವುದು ಕನ್ನಡ ಬಲ್ಲವನ ಕಣ್ಣಿಗೆ ಬೀಳುತ್ತದೆ. ಒತ್ತಕ್ಷರದ ಜೊತೆಗೆ ‘ಉ’ಕಾರವಿದ್ದರೆ ದ್ವಿತೀಯಾ ವಿಭಕ್ತಿಯ ‘ಅನ್ನು’, ‘ಇ’ಕಾರವಿದ್ದರೆ ಸಪ್ತಮಿಯ ‘ಅಲ್ಲಿ’ ಎಂದು ಊಹಿಸಿದರೆ ‘ನ’ ಮತ್ತು ‘ಲ’ ಕೈಗೆ ಸಿಕ್ಕಂತೆಯೇ. ಉಳಿದವು ಅವುಗಳ ಹಿಂದೆಯೇ ಬರುತ್ತವೆ. ನಮ್ಮ ವ್ಯಾಕರಣವೇ ಇಲ್ಲಿ ಚಾಡಿ ಹೇಳುತ್ತದೆ. ಗುಣಿತದ ಚಿಹ್ನೆಗಳನ್ನೂ ಬದಲಿಸಿದರೆ ಕೆಲಸ ತುಸು ನಿಧಾನವಾದೀತೇ ಹೊರತು ನಿಲ್ಲುವುದಿಲ್ಲ. ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂದು ಎಣಿಸಿ ಗುಪ್ತಲಿಪಿಯನ್ನು ಬಿಡಿಸುವ ಉಪಾಯವನ್ನು ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ 9ನೆಯ ಶತಮಾನದಲ್ಲಿಯೇ ವಿವರಿಸಿದ್ದಾನೆ.

ಹಣದ ಟಿಪ್ಪಣಿಗಳಿಗೆ ನಮ್ಮ ಶಾಲೆಗಳ ಉಬುಂಟು ಕಂಪ್ಯೂಟರುಗಳಲ್ಲಿ ಇರುವ ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶವೇ ಸಾಕು. ಕಡತವನ್ನು ಉಳಿಸುವಾಗ ಪಾಸ್‌ವರ್ಡ್ ಸಹಿತ ಉಳಿಸುವ ಆಯ್ಕೆಗೆ ಗುರುತು ಹಾಕಿದರೆ ಇಡೀ ಬರಹ ನಿಜವಾದ ಗೂಢಲಿಪಿಗೆ ಬದಲಾಗುತ್ತದೆ. ಆ ಪಾಸ್‌ವರ್ಡನ್ನು ಮರೆತರೆ ನಿಮಗೂ ಕಡತ ತೆರೆಯದು. ಆದ್ದರಿಂದ ನೆನಪಿನಲ್ಲಿ ಉಳಿಯುವ, ಇತರರು ಊಹಿಸಲಾರದ ಉದ್ದನೆಯ ವಾಕ್ಯವೊಂದನ್ನು ಆರಿಸಿಕೊಳ್ಳಿ.