ಯಂತ್ರಕ್ಕೆ ನರೆ ಬರುವುದುಂಟೆ?

ಪ್ರಿಯ ಓದುಗರೇ,

ನಾಲ್ಕು ಹಾಳೆಗಳ ಎರಡೂ ಮಗ್ಗುಲಲ್ಲಿ ಬರೆದ ನಿಮ್ಮ ಪತ್ರ ತಲುಪಿತು. ಕೋಪದಲ್ಲಿ ಬರೆದದ್ದಾದರೂ ಅಕ್ಷರ ದುಂಡಗಿದೆ, ಹಾಗಾಗಿ ಒಂದು ಸಾಲೂ ಬಿಡದೆ ಓದಿದೆ. ‘ಟರ್ಮಿನೇಟರ್ ಜೆನಿಸಿಸ್’ ಚಿತ್ರದ ಮುದಿ ಯಂತ್ರಯೋಧನನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ನಿಮಗೆ ಹಿಡಿಸಿಲ್ಲ. ನಿಮ್ಮ ತಕರಾರು ಇಷ್ಟು: ಒಳಗೆಲ್ಲ ಲೋಹವೇ ಇರುವ ಯಂತ್ರಕ್ಕೆ ತಲೆಗೂದಲು ನರೆಯುವುದು ನಗೆಪಾಟಲು. ಅದರ ಕೈ ನಡುಗಿಸಿದ್ದು ಪ್ರೇಕ್ಷಕರ ಕಣ್ಣೀರಿಗೆ ಹಾಕಿದ ಗಾಳ, ಏಕೆಂದರೆ “ಯಂತ್ರ ನಡೆಯುತ್ತದೆ, ಇಲ್ಲವೇ ನಿಲ್ಲುತ್ತದೆ, ನಡುವೆ ಮುಪ್ಪು ಎಂಬುದಿಲ್ಲ”. ಇನ್ನು ಇದೆಲ್ಲವೂ ವಯಸ್ಸಾದ ನಟನನ್ನು ಅದೇ ಪಾತ್ರದಲ್ಲಿ ಮತ್ತೆ ದುಡಿಸಿಕೊಳ್ಳಲು ಹೂಡಿದ ನೆಪ, ಅದಕ್ಕೆ ನಮ್ಮ ಪತ್ರಿಕೆ ಚಾಮರ ಬೀಸಿದೆ.

ಕೊನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಹೌದು, ನೆಪವೇ. 1984ರ ಅಕ್ಟೋಬರಿನಲ್ಲಿ ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ, ಈ ಸರಣಿಯ ಮೊದಲ ಚಿತ್ರ ತೆರೆಗೆ ಬಂದಾಗ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರಿಗೆ 37. 2015ರಲ್ಲಿ ‘ಜೆನಿಸಿಸ್’ ಬಂದಾಗ 67. ನಟನಿಗೆ ವಯಸ್ಸಾಯಿತು, ಕತೆ ಅದಕ್ಕೊಂದು ಕಾರಣ ಹುಡುಕಿಕೊಂಡಿತು. ಕಾರಣ ನೆಟ್ಟಗಿದ್ದರೆ ನೆಪದ ಬಗ್ಗೆ ನನಗೆ ತಕರಾರಿಲ್ಲ. ಲೇಖನದಲ್ಲಿ ಭಜನೆ ತುಸು ಹೆಚ್ಚಾಗಿತ್ತು ಎಂಬುದನ್ನೂ ಒಪ್ಪಿದೆ. ಜೊತೆಗೆ ಚಿತ್ರದ ಅಡಿಬರಹದಲ್ಲಿ 2015ರ ಬದಲು 2016 ಎಂದು ಬಿದ್ದಿತ್ತು. ಅದು ನೀವೂ ಹಿಡಿಯದ ತಪ್ಪು, ನಾನೇ ಹೇಳಿಬಿಡುತ್ತೇನೆ.

ಈಗ ನರೆಗೂದಲಿಗೆ ಬರೋಣ. ಈ ಯೋಧನ ಲೋಹದ ಅಸ್ಥಿಪಂಜರದ ಮೇಲಿರುವುದು ರಬ್ಬರ್ ಅಲ್ಲ, ಜೀವಂತ ಮಾಂಸ, ಚರ್ಮ, ಕೂದಲು. ಇದು 2015ರಲ್ಲಿ ಅವಸರಕ್ಕೆ ಹೊಲಿದ ತೇಪೆಯೂ ಅಲ್ಲ. ಮೊದಲ ಚಿತ್ರದಲ್ಲೇ ಭವಿಷ್ಯದಿಂದ ಬಂದ ಸೈನಿಕ ಕೈಲ್ ರೀಸ್ ಈ ವಿಷಯ ಬಿಡಿಸಿ ಹೇಳುತ್ತಾನೆ: ಹಳೆಯ ಮಾದರಿಗಳಿಗೆ ರಬ್ಬರ್ ಚರ್ಮವಿತ್ತು, ಸುಲಭವಾಗಿ ಗುರುತು ಸಿಗುತ್ತಿದ್ದವು; ಹೊಸವು ಬೆವರುತ್ತವೆ, ಅವುಗಳ ಬಾಯಿ ಕೂಡ ನಾರುತ್ತದೆ. ಬೆವರುವ ಚರ್ಮ ಎಂದ ಮೇಲೆ ಅದರಲ್ಲಿ ಜೀವಕೋಶಗಳಿರಬೇಕು. ಗಾಯ ಮಾಯಬೇಕಾದರೆ ಆ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯಬೇಕು. ಮುಪ್ಪು ಹೊಕ್ಕುವುದು ಆ ಬಾಗಿಲಿನಿಂದಲೇ. ಮನುಷ್ಯರ ಸಾಮಾನ್ಯ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಅವು ಸುಮಾರು 40ರಿಂದ 60 ಸಲ ಒಡೆದು ಆಮೇಲೆ ನಿಂತುಬಿಡುತ್ತವೆ ಎಂದು ಜೀವವಿಜ್ಞಾನಿ ಲೆನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದರು. ಕೂದಲಿನ ಬುಡದಲ್ಲಿ ಬಣ್ಣದ ಕೋಶಗಳನ್ನು ಒದಗಿಸುವ ಕಾಂಡಕೋಶಗಳು ತೀರಿಹೋದಾಗ ಹೊಸ ಕೂದಲು ಬೆಳ್ಳಗೇ ಹುಟ್ಟುತ್ತದೆ. ಒಳಗಿರುವುದು ಮೂಳೆಯೋ ಉಕ್ಕೋ ಎಂದು ಆ ಬುಡ ವಿಚಾರಿಸಲು ಹೋಗುವುದಿಲ್ಲ. ಹಾಗೆ ನೋಡಿದರೆ ಈ ಯೋಧನಿಗೆ ನರೆ ಬಾರದೆ ಇದ್ದಿದ್ದರೆ ಆಗ ನೀವು ಪತ್ರ ಬರೆಯಬೇಕಿತ್ತು. ಆ ಮಾಂಸಕ್ಕೆ ಆಹಾರ ಎಲ್ಲಿಂದ, ರಕ್ತ ಓಡಿಸುವವರು ಯಾರು ಎಂದು ಕೇಳಿ. ಅಲ್ಲಿ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಕತೆಯ ಲೆಕ್ಕವೂ ಸರಿಯಾಗಿದೆ. ಚಿತ್ರದ ನಾಯಕಿ, ಆಗಿನ್ನೂ ಒಂಬತ್ತು ವರ್ಷದ ಸಾರಾ ಕಾನರ್‌ಳನ್ನು ಕಾಯಲು ಅವನು ಭವಿಷ್ಯದಿಂದ 1973ಕ್ಕೆ ಬರುತ್ತಾನೆ. ಅವಳನ್ನು ಸಾಕಿ ಬೆಳೆಸುತ್ತಾನೆ. ಅವಳ ಬಾಯಲ್ಲಿ ಅವನು ‘ಪಾಪ್ಸ್’, ಅಂದರೆ ಅಪ್ಪಯ್ಯ. 1984ರಲ್ಲಿ ಅವಳೂ ಕೈಲ್ ರೀಸನೂ ಕಾಲಯಂತ್ರ ಹತ್ತಿ 2017ಕ್ಕೆ ಹಾರುತ್ತಾರೆ. ಅಪ್ಪಯ್ಯ ಹಾರುವಂತಿಲ್ಲ, ಹೊಡೆದಾಟದಲ್ಲಿ ತೋಳಿನ ಮಾಂಸ ಹೋಗಿ ಲೋಹ ಹೊರಬಿದ್ದಿದೆ, ಬರಿಯ ಲೋಹಕ್ಕೆ ಕಾಲಯಂತ್ರದಲ್ಲಿ ಪ್ರವೇಶವಿಲ್ಲ. ಹಾಗಾಗಿ ಅವರಿಗೆ ಒಂದು ಕ್ಷಣದಲ್ಲಿ ಮುಗಿದ ದಾರಿಯನ್ನು ಅವನು 33 ವರ್ಷ ದಿನಕ್ಕೊಂದು ದಿನದಂತೆ ನಡೆದು ಬರುತ್ತಾನೆ. ಒಟ್ಟು ಸೇವೆ 44 ವರ್ಷ, ರಜೆಯಿಲ್ಲ. ಅವರಿಬ್ಬರ ಮೈಮೇಲೆ ಒಂದು ದಿನವೂ ಕಳೆದಿಲ್ಲ, ಎದುರು ನಿಂತವನ ತಲೆ ಬೆಳ್ಳಗಾಗಿದೆ. ಇಡೀ ಚಿತ್ರದಲ್ಲಿ ನನಗೆ ಮೊದಲು ನಾಟಿದ್ದು ಇದು. ಕಾಯುವ ಕೆಲಸದಲ್ಲಿದ್ದವರೇ ಮುದುಕರಾಗುವುದನ್ನು ಸಂಭಾಷಣೆಯಿಲ್ಲದೆ ಹೇಳಿದ್ದಾರೆ. ಆ ಮೇಲೆ ‘ಹಳಬ, ಆದರೆ ಕೆಲಸಕ್ಕೆ ಬಾರದವನಲ್ಲ’ ಎಂಬರ್ಥದ ಮಾತನ್ನು ಅವನ ಬಾಯಲ್ಲಿ ಮತ್ತೆ ಮತ್ತೆ ಆಡಿಸಿ ಸೊಗಸು ಕೆಡಿಸಿದ್ದಾರೆ, ಅದು ಬೇರೆ ಮಾತು.

ನಾನು ನಿಮ್ಮೊಡನೆ ನಿಜವಾಗಿ ಜಗಳಕ್ಕೆ ನಿಲ್ಲುವುದು ನಡುಗುವ ಕೈಯ ವಿಷಯದಲ್ಲಿ.

ನೀವು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಎಂದು ಪತ್ರದಲ್ಲೇ ಇದೆ. ಬರೆದ ಪ್ರೋಗ್ರಾಂ ನೂರನೆಯ ಸಲ ನಡೆಸಿದರೂ ಮೊದಲ ಸಲದಂತೆಯೇ ನಡೆಯುತ್ತದೆ; ಯಂತ್ರವೆಂದರೆ ಹಾಗೆಯೇ ಎಂದು ಅಲ್ಲಿಂದ ನಿಮಗೆ ಅನ್ನಿಸಿರಬೇಕು. ನಾನು ಈ ಕುರ್ಚಿಗೆ ಬರುವ ಮೊದಲು ಹಲವು ವರ್ಷ ರಾತ್ರಿ ಪಾಳಿಯಲ್ಲಿ ಆಫ್‌ಸೆಟ್ ಮುದ್ರಣಯಂತ್ರದ ಪಕ್ಕ ಕರಡು ತಿದ್ದುತ್ತ ಕೂತವನು. ಯಂತ್ರ ಮುದುಕಾಗುವುದನ್ನು ಕಿವಿಯಿಂದ ಕೇಳಿದ್ದೇನೆ. ಹಾಳೆಯನ್ನು ಕಚ್ಚಿ ಎಳೆಯುವ ಗ್ರಿಪ್ಪರ್‌ಗಳು ಸವೆದಿದ್ದವು. ಯಂತ್ರ ನಿಲ್ಲಲಿಲ್ಲ, ಗಂಟೆಗಿಷ್ಟು ಎಂದು ಹಾಳೆ ಉಗುಳುತ್ತಲೇ ಇತ್ತು. ಆದರೆ ನಾಲ್ಕು ಬಣ್ಣ ಒಂದರ ಮೇಲೊಂದು ಕೂರುತ್ತಿರಲಿಲ್ಲ. ರಕ್ಷಾಪುಟದ ನಟಿಯ ತುಟಿಯ ಕೆಂಪು ತುಟಿಯಿಂದ ಕೂದಲೆಳೆಯಷ್ಟು ಆಚೆ. ಮಷೀನ್‌ಮನ್ ಭೂತಗನ್ನಡಿ ಹಿಡಿದು ಬಗ್ಗಿ ನೋಡಿ “ರಿಜಿಸ್ಟರ್ ಔಟ್ ಸಾರ್” ಎನ್ನುತ್ತಿದ್ದ, ತಿರುಪು ತಿರುವುತ್ತಿದ್ದ, ಐನೂರು ಹಾಳೆ ನೆಟ್ಟಗೆ ಬರುತ್ತಿತ್ತು, ಆಮೇಲೆ ಮತ್ತೆ ತುಟಿ ಜಾರುತ್ತಿತ್ತು. ನಡೆಯುತ್ತಿದೆಯೋ ನಿಂತಿದೆಯೋ ಎಂದು ನೀವು ಕೇಳಿದ್ದರೆ ಅವನು ಏನೆನ್ನಬೇಕಿತ್ತು?

ಕೈ ಏಕೆ ನಡುಗುತ್ತದೆ ಎಂಬುದಕ್ಕೂ ಗಟ್ಟಿ ಕಾರಣವಿದೆ. ಕೀಲಿನೊಳಗಿನ ಹಲ್ಲುಚಕ್ರಗಳು ಹೊಸತರಲ್ಲಿ ಹಲ್ಲಿಗೆ ಹಲ್ಲು ಬಿಗಿಯಾಗಿ ಕೂತಿರುತ್ತವೆ. ಸವೆಯುತ್ತ ಬಂದಂತೆ ನಡುವೆ ಸಂದು ಬೀಳುತ್ತದೆ. ವರ್ಕ್‌ಶಾಪಿನವರು ಇದಕ್ಕೆ ‘ಪ್ಲೇ ಬಂದಿದೆ’ ಎನ್ನುತ್ತಾರೆ, ಎಂಜಿನಿಯರುಗಳು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಬೆರಳು ಇಲ್ಲಿ ನಿಲ್ಲಲಿ ಎಂದು ಮಿದುಳು ಆಜ್ಞೆ ಕೊಡುತ್ತದೆ. ಮೋಟಾರು ತಿರುಗುತ್ತದೆ, ಆದರೆ ಆ ಸಂದು ದಾಟುವವರೆಗೆ ಬೆರಳು ಅಲುಗುವುದೇ ಇಲ್ಲ. ಬೆರಳು ಇನ್ನೂ ತಲುಪಿಲ್ಲ ಎಂದು ಸೆನ್ಸರ್ ದೂರು ಕೊಡುತ್ತದೆ, ಮೋಟಾರು ಇನ್ನಷ್ಟು ತಳ್ಳುತ್ತದೆ, ಬೆರಳು ಗಕ್ಕನೆ ಗುರಿ ದಾಟಿಬಿಡುತ್ತದೆ. ಈಗ ಹಿಂದಕ್ಕೆ ಬಾ ಎಂಬ ಆಜ್ಞೆ; ಮತ್ತೆ ಅದೇ ಸಂದು, ಅದೇ ತಡ, ಅದೇ ಅತಿ. ಸೆಕೆಂಡಿಗೆ ಹಲವು ಸಲ ಹೀಗೆ ಆಚೀಚೆ ಆದರೆ ನೋಡುವವರಿಗೆ ಅದು ನಡುಕ. ಪ್ರೋಗ್ರಾಂನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಹೇಳುವವನು ಮೊದಲಿನಷ್ಟೇ ಚುರುಕು, ಕೇಳುವ ಕೈ ಮಾತ್ರ ಹಳತು.

ಇಷ್ಟಕ್ಕೂ ಸಿನಿಮಾದ ಆಚೆ ನಿಜವಾದ ಮುದಿ ರೋಬಾಟುಗಳೇ ಇದ್ದವಲ್ಲ. ಮಂಗಳನ ಮೇಲೆ 2004ರ ಜನವರಿಯಲ್ಲಿ ಇಳಿದ ಆಪರ್ಚುನಿಟಿ ಎಂಬ ಆರು ಚಕ್ರದ ರೋವರ್‌ಗೆ ನಾಸಾ ಗೊತ್ತುಮಾಡಿದ್ದ ಆಯುಷ್ಯ ಮಂಗಳನ 90 ದಿನ. ಅದು 2018ರ ಜೂನ್ ತನಕ ಬದುಕಿತು, 45 ಕಿಲೋಮೀಟರ್ ನಡೆಯಿತು. ಆದರೆ ಹೇಗೆ ಬದುಕಿತು? 2005ರಲ್ಲಿ ಬಲಮುಂಗಾಲಿನ ಚಕ್ರದ ಸ್ಟಿಯರಿಂಗ್ ಹಿಡಿದುಕೊಂಡಿತು. ಅದೇ ವರ್ಷ ಭುಜದ ಕೀಲಿನ ಮೋಟಾರು ತೊಂದರೆ ಕೊಡಲು ಶುರುವಾಯಿತು. 2008ರಿಂದೀಚೆಗೆ ತೋಳನ್ನು ಮಡಚಿಡುವ ಧೈರ್ಯ ಯಾರಿಗೂ ಬರಲಿಲ್ಲ, ಮಡಚಿದ ತೋಳು ಮತ್ತೆ ಬಿಚ್ಚದಿದ್ದರೆ ಎಂಬ ಭಯ. ತೋಳನ್ನು ಮುಂದಕ್ಕೆ ಚಾಚಿಕೊಂಡೇ ಹತ್ತು ವರ್ಷ ನಡೆಯಿತು. ಇಳಿಗಾಲದಲ್ಲಿ ಮರೆವು ಬೇರೆ. ಫ್ಲ್ಯಾಶ್ ಮೆಮೊರಿ ಪದೇ ಪದೇ ಕೈಕೊಟ್ಟಿದ್ದರಿಂದ ಅದನ್ನು ಬಿಟ್ಟು ತಾತ್ಕಾಲಿಕ ಮೆಮೊರಿಯಲ್ಲೇ ಕೆಲಸ ನಡೆಸಬೇಕಾಯಿತು. ಅಂದರೆ ದಿನದ ಮಾಹಿತಿಯನ್ನು ಅದೇ ದಿನ ಕಳಿಸಬೇಕು, ಮಲಗಿದರೆ ಮರೆತುಹೋಯಿತು. ನಿಮ್ಮ ಪ್ರೋಗ್ರಾಂ ಕೂಡ ಕೂತಿರುವುದು ಇಂಥ ಚಿಪ್ಪಿನ ಮೇಲೆಯೇ. ಪ್ರತಿ ಸಲ ಅಳಿಸಿ ಬರೆದಾಗಲೂ ಅದರೊಳಗಿನ ತೆಳು ನಿರೋಧಕ ಪದರ ಒಂದಿಷ್ಟು ಹಾಳಾಗುತ್ತದೆ.

ಅದರ ಅವಳಿ ಸ್ಪಿರಿಟ್‌ನದು ಇನ್ನೂ ಸ್ವಾರಸ್ಯ. 2006ರಲ್ಲಿ ಅದರ ಬಲಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಆಗ ಅದನ್ನು ಹಿಮ್ಮುಖವಾಗಿ ಓಡಿಸಿದರು, ಸತ್ತ ಚಕ್ರವನ್ನು ದರದರ ಎಳೆದುಕೊಂಡು. ಮರುವರ್ಷ ಹಾಗೆ ಎಳೆಯುವಾಗ ಚಕ್ರ ನೆಲ ಕೆರೆದು ಬಿಳಿಯ ಮಣ್ಣು ಹೊರಬಿತ್ತು. ಪರೀಕ್ಷಿಸಿದರೆ ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಸಿಲಿಕಾ. ಹಿಂದೆ ಅಲ್ಲಿ ಬಿಸಿನೀರೋ ಹಬೆಯೋ ಇದ್ದಿತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಆರೂ ಚಕ್ರ ಗಟ್ಟಿಯಿದ್ದ ಕಾಲದಲ್ಲಿ ಅದು ಇಂಥ ಮಣ್ಣಿನ ಮೇಲೆ ಸರ್ರನೆ ಉರುಳಿ ಹೋಗಿರಲೂಬಹುದು.

ಇನ್ನು ಚಿತ್ರಕ್ಕೆ ಹಿಂತಿರುಗಿ, ನೀವು ‘ಗಾಳ’ ಎಂದ ಆ ದೃಶ್ಯ ನೋಡೋಣ. ನಿಮಗೆ ಉತ್ತರ ಬರೆಯಲೆಂದೇ ಅದನ್ನು ಮತ್ತೆ ಮೂರು ಸಲ ಹಾಕಿಕೊಂಡು ನೋಡಿದೆ. ಕೈಲ್ ರೀಸ್ ಮತ್ತು ಅಪ್ಪಯ್ಯ ಇಬ್ಬರೂ ಬಂದೂಕಿನ ಮ್ಯಾಗಜಿನ್‌ಗಳಿಗೆ ಗುಂಡು ತುಂಬುತ್ತಿದ್ದಾರೆ. ಯಾರ ಕೈ ಬೇಗ ಎಂಬ ಪೈಪೋಟಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಹುಡುಗನಿಗೆ ಅಪ್ಪಯ್ಯನ ಮೇಲೆ ನಂಬಿಕೆಯಿಲ್ಲ, ಅಪ್ಪಯ್ಯನಿಗೆ ಹುಡುಗ ಹಿಡಿಸಿಲ್ಲ. ಅಷ್ಟರಲ್ಲಿ ಯಂತ್ರದ ಕೈ ಮಾತು ಕೇಳದಾಗುತ್ತದೆ. ಅವನ ಮುಖದಲ್ಲಿ ನೋವಿಲ್ಲ, ಇರಬೇಕಾಗಿಯೂ ಇಲ್ಲ. ಕೈಯನ್ನು ಯಾರದೋ ಕೈಯೆಂಬಂತೆ ನೋಡುತ್ತಾನೆ, ಅಷ್ಟೆ. ಕಣ್ಣೀರು ತರಿಸುವ ಉದ್ದೇಶವಿದ್ದಿದ್ದರೆ ನಿರ್ದೇಶಕ ಅಲನ್ ಟೇಲರ್ ಅಲ್ಲಿ ಪಿಟೀಲು ನುಡಿಸಿ ಎರಡು ನಿಮಿಷ ಎಳೆಯಬಹುದಿತ್ತು. ಅವರು ಬೇಗ ಮುಂದಕ್ಕೆ ಹೋಗುತ್ತಾರೆ. ಬೆಟ್ಟದಂಥ ಶತ್ರುಗಳನ್ನು ಕೆಡವುವವನು ಹೆಬ್ಬೆರಳುದ್ದದ ಗುಂಡಿನ ಮುಂದೆ ಸೋಲುತ್ತಾನೆ. ಹೊಡೆದಾಟಕ್ಕೆ ಬಲ ಸಾಕು, ಗುಂಡು ತುಂಬಲು ನಯ ಬೇಕು. ಸವೆದ ಕೀಲಿನಲ್ಲಿ ಮೊದಲು ಹೋಗುವುದು ನಯವೇ.

ಹಾಗಾದರೆ ಚಿತ್ರದಲ್ಲಿ ತಪ್ಪಿಲ್ಲವೇ? ಇದೆ, ಆದರೆ ನೀವು ತೋರಿಸಿದ ಕಡೆಯಲ್ಲಿ ಅಲ್ಲ. ಮೇಲೆ ತಳುಕು ಒಳಗೆ ಹುಳುಕು ಎಂಬ ಗಾದೆಯನ್ನು ಈ ಚಿತ್ರ ತಿರುವುಮುರುವು ಮಾಡಿದೆ: ಮೇಲೆಲ್ಲ ಹುಳುಕು, ಒಳಗೆ ತಳುಕು. ಕೂದಲಿಗೆ, ಸುಕ್ಕಿಗೆ ಕೊಟ್ಟಷ್ಟು ಗಮನವನ್ನು 44 ವರ್ಷ ದುಡಿದ ಉಕ್ಕಿಗೆ ಕೊಟ್ಟಿಲ್ಲ. ಕೈ ಕೆಟ್ಟದ್ದು ಆ ಹೊತ್ತಿಗೆ ಬೇಕಾದಾಗ ನೆನಪಾಗುತ್ತದೆ, ಸಾಹಸ ದೃಶ್ಯ ಬಂದಾಗ ಮರೆತುಹೋಗುತ್ತದೆ. ಕೊನೆಯಲ್ಲಂತೂ ಅವನನ್ನು ದ್ರವಲೋಹದ ತೊಟ್ಟಿಗೆ ಬೀಳಿಸಿ ಹೊಸ ಮಾದರಿಯಾಗಿ ಎಬ್ಬಿಸಿಬಿಡುತ್ತಾರೆ. ಎರಡು ಗಂಟೆ ಕಷ್ಟಪಟ್ಟು ಗಳಿಸಿದ ಮುಪ್ಪನ್ನು ಒಂದೇ ಮುಳುಗಿಗೆ ತೊಳೆದು ಹಾಕಿದಂತಾಯಿತು. ನನ್ನ ಸಿಟ್ಟೆಲ್ಲ ಆ ತೊಟ್ಟಿಯ ಮೇಲೆ. ನಡುಗುವ ಕೈಯಲ್ಲೇ ಅವನು ಕೊನೆಯ ಕೆಲಸ ಮುಗಿಸಿದ್ದರೆ ನಾನು ಲೇಖನದ ಭಜನೆಯನ್ನೂ ಸಮರ್ಥಿಸುತ್ತಿದ್ದೆ. 2019ರಲ್ಲಿ ಬಂದ ಈ ಸರಣಿಯ ಮುಂದಿನ ಚಿತ್ರದಲ್ಲಿ ಅದೇ ಮಾದರಿಯ ಇನ್ನೊಬ್ಬ ಮುದಿಯೋಧ ಸಂಸಾರದೊಂದಿಗೆ ಕಿಟಕಿ ಪರದೆಯ ವ್ಯಾಪಾರ ಮಾಡಿಕೊಂಡಿದ್ದಾನೆ. ಅದನ್ನು ಕಂಡು ಮೂಗು ಮುರಿದವರು ಬಹಳ ಮಂದಿ. ನನಗೆ ತೊಟ್ಟಿಗಿಂತ ಪರದೆಯೇ ವಾಸಿ.

ನಿಮಗೆ ಇಷ್ಟವಾಗಬಹುದಾದ ಒಂದು ವಿಷಯ ಬಿಟ್ಟಿದ್ದೆ. ಈ ಚಿತ್ರದ ಆರಂಭದಲ್ಲಿ ಮುದಿಯೋಧ 1984ರ ತನ್ನದೇ ಎಳೆ ರೂಪದೊಂದಿಗೆ ಹೊಡೆದಾಡುತ್ತಾನೆ. ಆ ಎಳೆಯನ ಮುಖ ಕಂಪ್ಯೂಟರಿನಲ್ಲಿ ಕಟ್ಟಿದ್ದು, ನಿಮ್ಮಂಥವರ ಕೈಚಳಕ. ಒಂದು ಸುಕ್ಕಿಲ್ಲ, ಎಂದೂ ಬರುವುದೂ ಇಲ್ಲ. ಅದರ ಎದುರು ನಿಂತವರು ಅರವತ್ತು ದಾಟಿದ ನಿಜವಾದ ಮನುಷ್ಯ. ನಿಮ್ಮ ಪ್ರಕಾರ ಮುಪ್ಪೇ ಇಲ್ಲದ ಯಂತ್ರ ಆ ದೃಶ್ಯದಲ್ಲಿ ಇದೆ, ಆದರೆ ಅದು ನೆಲಕ್ಕೆ ಬೀಳುವ ಪಕ್ಷದಲ್ಲಿದೆ.

ನಿಮ್ಮ ಪತ್ರವನ್ನು ಈ ಸಂಚಿಕೆಯಲ್ಲೇ ಪೂರ್ತಿ ಹಾಕಿದ್ದೇವೆ, ನಟನ ವಯಸ್ಸನ್ನು ಆಡಿಕೊಂಡ ಒಂದು ಸಾಲು ಮಾತ್ರ ಬಿಟ್ಟು. ಗುಂಡು ತುಂಬುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಆಮೇಲೂ ಆ ಸಾಲು ಬೇಕೇ ಬೇಕು ಅನ್ನಿಸಿದರೆ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಅದನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ